ಹೊಸ್ತಿಲ ಮೇಲಿನ ಮೋಡಗಳು

ಕೆಲಸ ಅರ್ಧಕ್ಕೆ ಬಿಡುವವರನ್ನು ಯಾರೂ ಹೊಗಳುವುದಿಲ್ಲ. ನನಗೆ ಮಾತ್ರ ಅದೇ ನೌಕರಿ. ನೆರಳು ಮಂಡಳಿಯ ಗುರುತಿನ ಚೀಟಿ ನನ್ನ ಕೊರಳಲ್ಲಿ ತೂಗುತ್ತದೆ, ಅದರ ಮೇಲೆ 'ಜಗದೇವಿ, ಪರೀಕ್ಷಕಿ' ಎಂದು ಅಚ್ಚಾಗಿದೆ. ದಿನಕ್ಕೆ ಸಾವಿರಾರು ಸಲ ನಾನು ಸರ್ವರಿಗೆ ಏನನ್ನಾದರೂ ಕೇಳಬೇಕು. ಅದು ಕೊಡಲು ಎದ್ದು ನಿಲ್ಲುವಷ್ಟರಲ್ಲಿ ಹೇಳದೆ ಕೇಳದೆ ಮಾಯವಾಗಬೇಕು. ಆಮೇಲೆ ಅದು ಏನು ಮಾಡುತ್ತದೆಂದು ನೋಡಬೇಕು. ಸಂಗೀತದ ಕ್ಲಾಸನ್ನು ಎರಡು ತಿಂಗಳಿಗೆ, ಹೊಲಿಗೆಯ ಕ್ಲಾಸನ್ನು ರವಿಕೆಯ ಒಂದೇ ತೋಳಿಗೆ ಬಿಟ್ಟವಳು ನಾನು. ಹಾಗಾಗಿ ಈ ಕೆಲಸ ಸಿಕ್ಕಿತೆಂದಾಗ ನಮ್ಮವ್ವ ಕಾಶೀಬಾಯಿ, "ಅಂತೂ ನಿನ್ನ ಗುಣ ನೋಡಿ ಕೊಟ್ಟಾರ ಬಿಡು" ಎಂದಳು.

ಕಲಬುರಗಿಯ ಬಿಸಿಲಿನ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ನಿಮ್ಮ ಅಜ್ಜನ ಕಾಲದಲ್ಲಿ ನಲವತ್ನಾಲ್ಕು ಡಿಗ್ರಿಗೇ ಪತ್ರಿಕೆಯಲ್ಲಿ ಸುದ್ದಿ ಬರುತ್ತಿತ್ತಂತೆ. ಈಗ, ಎರಡು ಸಾವಿರದ ಐವತ್ತೆಂಟರಲ್ಲಿ, ಏಪ್ರಿಲ್ಲಿನ ಮಧ್ಯಾಹ್ನ ನಲವತ್ತೊಂಬತ್ತಿದ್ದರೆ ಜನ "ಇವತ್ತು ಸ್ವಲ್ಪ ತಂಪದ" ಎನ್ನುತ್ತಾರೆ. ಬೆಳಗಿನ ಒಂಬತ್ತರಿಂದ ಸಂಜೆ ಆರರವರೆಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂರುತ್ತದೆ. ಅದಕ್ಕೇ ನೆರಳು ಮಂಡಳಿ ಹುಟ್ಟಿದ್ದು.

ನಮ್ಮದು ಮಾಮೂಲಿ ವೆಬ್ ಸರ್ವರೇ. ಬೇರೆಯವು ಕೇಳಿದವರಿಗೆ ಪುಟ ಕಳಿಸುತ್ತವೆ, ನಮ್ಮದು ಮೋಡ ಕಳಿಸುತ್ತದೆ. ಕೈಪಟ್ಟಿಯ ಮೇಲೆ 'ನೆರಳು' ಎಂಬ ಗುಂಡಿ ಒತ್ತಿದರೆ ದಿಬ್ಬದ ಮೇಲಿರುವ ನಮ್ಮ ಕೇಂದ್ರಕ್ಕೆ ಕೋರಿಕೆ ಬರುತ್ತದೆ. ಓಣಿಯ ಕಂಬವೊಂದು ಹೊಗೆಯಂಥ ಸಣ್ಣ ಹನಿಗಳನ್ನು ಉಗುಳುತ್ತದೆ. ಹನಿಗಳಿಗೆ ಚೂರು ವಿದ್ಯುತ್ತು ತುಂಬಿರುವುದರಿಂದ ಅವು ಚೆದುರುವುದಿಲ್ಲ. ಒಂದು ಹೊರಸಿನಷ್ಟು ಅಗಲದ ಬಿಳಿ ಮೋಡವಾಗಿ ಎರಡಾಳೆತ್ತರದಲ್ಲಿ ನಿಮ್ಮ ತಲೆಯ ಮೇಲೆ ಹೊರಡುತ್ತವೆ. ಒಂದು ಕಂಬ ಅದನ್ನು ಮುಂದಿನ ಕಂಬಕ್ಕೆ ದಾಟಿಸುತ್ತದೆ. ನೀವು ನಡೆಯುವಷ್ಟು ಹೊತ್ತೂ ಕೈಪಟ್ಟಿ ಕ್ಷಣಕ್ಕೊಮ್ಮೆ "ಇದ್ದೀನಿ, ಇದ್ದೀನಿ" ಎಂದು ಸರ್ವರಿಗೆ ತಿಳಿಸುತ್ತಿರುತ್ತದೆ. ಮನೆ ಸೇರಿದ ಮೇಲೆ 'ಸಾಕು' ಎಂಬ ಗುಂಡಿ ಒತ್ತಿದರೆ ಮೋಡ ಕರಗುತ್ತದೆ. ಒತ್ತದೆ ಒಳಗೆ ಹೋದಿರೋ, ಗೋಡೆಯಾಚೆ ಸಿಗ್ನಲ್ ಸಾಯುತ್ತದೆ. ಸರ್ವರ್ ಒಂದು ನಿಮಿಷ ಕಾದು ತಾನೇ ಮೋಡವನ್ನು ಕರಗಿಸಬೇಕು.

ಈ 'ಕರಗಿಸಬೇಕು' ಎಂಬುದೇ ನನ್ನ ಪಾಲಿನ ಕೆಲಸ. ಕೇಂದ್ರದ ಕಂಪ್ಯೂಟರಿನಲ್ಲಿ ಹತ್ತು ಸಾವಿರ ಹುಸಿಜನರನ್ನು ಸಾಕಿಕೊಂಡಿದ್ದೇನೆ. ಅವರು ನೆರಳು ಕೇಳುತ್ತಾರೆ, ಕೇಳುವ ಮಾತಿನ ನಡುವೆಯೇ ಕನೆಕ್ಷನ್ ಕಡಿದುಕೊಳ್ಳುತ್ತಾರೆ. ಮೋಡ ಹೊರಟ ಮೇಲೆ ಕಡಿದುಕೊಳ್ಳುತ್ತಾರೆ. ಮೋಡ ತಲೆಯ ಮೇಲೆ ಬಂದು ನಿಂತ ಮೇಲೆ ಕಡಿದುಕೊಳ್ಳುತ್ತಾರೆ. ಅಷ್ಟನ್ನೂ ಸರ್ವರ್ ಚೆನ್ನಾಗಿ ನಿಭಾಯಿಸಿತು. ಮುಖ್ಯ ಎಂಜಿನಿಯರ್ ಅಂಬಾರಾಯ ಸರ್ ಪರದೆ ತುಂಬ ಹಸಿರು ನೋಡಿ ಪೇಢೆ ಹಂಚಿದರು. ಮೊದಲ ಪ್ರಯೋಗಕ್ಕೆ ನಮ್ಮದೇ ಗಾಣಿಗೇರ ಓಣಿಯನ್ನೂ ಪಕ್ಕದ ಎರಡು ಓಣಿಗಳನ್ನೂ ಆರಿಸಿದರು. ನನಗೆ ಹೆಮ್ಮೆಯೋ ಹೆಮ್ಮೆ.

ಇಪ್ಪತ್ತು ದಿನಕ್ಕೆ ಆ ಹೆಮ್ಮೆ ಇಳಿಯಿತು.

ಅವತ್ತು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಅವ್ವ ಮಾಳಿಗೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಸುತ್ತ ಹಳೆಯ ಸೀರೆಗಳ ಮೇಲೆ ಗೋಧಿ ಹಾಲು ಕಾಸಿ ಒತ್ತಿದ ಕುರಡಗಿ, ಸಂಡಿಗೆ, ಶಾವಿಗೆ. ಅವುಗಳ ಮೇಲೆ, ಬಿಸಿಲಿಗೆ ಅಡ್ಡವಾಗಿ, ಐದು ಬಿಳಿ ಮೋಡಗಳು ತೆಪ್ಪಗೆ ಕೂತಿದ್ದವು.

"ಬಾರವ್ವ ಪರೀಕ್ಷಕಿ, ಬಾ," ಎಂದಳು ಅವ್ವ. "ನಿನ್ನ ಮಕ್ಕಳು ಬಂದಾವ ನೋಡು. ದಿನಾ ಮುಂಜಾನಿಯಿಂದ ನಮ್ಮ ಮಾಳಿಗಿ ಬಿಟ್ಟು ಕದಲವಲ್ಲವು."

"ಒಂದು ನಿಮಿಷದಾಗ ಕರಗಬೇಕು ಅವು."

"ಕರಗಬೇಕು ಅಂತ ನೀ ನನಗ ಹೇಳಿದ್ರ ಏನ್ ಬಂತು? ಅವಕ್ಕ ಹೇಳು. ನಾಕ್ ದಿನ ಆತು ಕುರಡಗಿ ಹಾಕಿ, ಮುಟ್ಟಿ ನೋಡು, ಇನ್ನಾ ಹಸೀನೇ ಅದ. ಊರಿಗಿ ಉಪಕಾರಿ, ಮನೀಗಿ ಮಾರಿ ಅಂತಾರಲ್ಲ, ಹಂಗಾತು ನಿಂದು."

ಮುಟ್ಟಿ ನೋಡಿದೆ. ಹಸಿಯೇ ಇತ್ತು, ಹುಳಿ ವಾಸನೆಯೂ ಶುರುವಾಗಿತ್ತು. ವರ್ಷಕ್ಕಾಗುವ ಕುರಡಗಿಯೆಲ್ಲ ಏಪ್ರಿಲ್ ತಿಂಗಳ ಬಿಸಿಲಿನಲ್ಲೇ ಒಣಗಬೇಕು, ಅದಕ್ಕೆ ಬೇರೆ ಯಂತ್ರವಿಲ್ಲ, ಇದ್ದರೂ ನಮ್ಮ ಓಣಿಯವರು ಒಪ್ಪುವುದಿಲ್ಲ. ಓಣಿಯ ಕೊನೆಗೆ ನಮ್ಮ ಮನೆ. ನೀರಿನ ಟಾಕಿ ಎತ್ತರಕ್ಕಿದೆ. ಎಲ್ಲಿಂದಲೋ ತಪ್ಪಿಸಿಕೊಂಡ ಮೋಡಗಳೆಲ್ಲ ಗಾಳಿಗೆ ತೇಲಿ ಬಂದು ಅದಕ್ಕೇ ತಗುಲಿಕೊಳ್ಳುತ್ತಿದ್ದವು. ವಿದ್ಯುತ್ತು ಇಳಿದು ರಾತ್ರಿ ಕರಗಿದರೂ ಮರುದಿನ ಹೊಸವು ಬರುತ್ತಿದ್ದವು. ಬೇರೆ ಮಾಳಿಗೆಗಳ ಮೇಲೂ ಒಂದೊಂದು, ಎರಡೆರಡು ಇದ್ದವು. ಓಣಿಯ ಇಪ್ಪತ್ಮೂರು ಹೆಂಗಸರು ಸೇರಿ ಮಂಡಳಿಗೆ ದೂರು ಕೊಡುವುದೆಂದು ಅವ್ವನ ಮುಂದಾಳತ್ವದಲ್ಲಿ ತೀರ್ಮಾನವಾಗಿತ್ತು. ದೂರನ್ನು ನನ್ನ ಕೈಯಲ್ಲೇ ಬರೆಸಿದಳು, ನನ್ನ ಅಕ್ಷರ ದುಂಡಗಿದೆಯೆಂದು. ನನ್ನ ಸರ್ವರಿನ ಮೇಲೆ ನಾನೇ ದೂರು ಬರೆದು, ಕೆಳಗೆ ಅವ್ವನ ಸಹಿಗೆ ಜಾಗ ಬಿಟ್ಟೆ.

ಆಗ ಕೆಳಗಿನಿಂದ ಆಯಿ ಕೂಗಿದಳು: "ಜಗೂ, ನನ್ನ ಕೈಪಟ್ಟಿ ಎಲ್ಲಿಟ್ಟೀ? ಭಾಗಮ್ಮನ ಮನೀಗಿ ಹೊತ್ತಾತು."

ಆಯಿ ನನ್ನ ತಂದೆಯ ತಾಯಿ, ಸುಗಲಾಬಾಯಿ. ಎಂಬತ್ತೊಂದು ವರ್ಷ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಿಸಿಲು ಬಡಿದು ಓಣಿಯಲ್ಲೇ ಬಿದ್ದಳು. ಬದುಕಿದ್ದೇ ಹೆಚ್ಚು. ಅಂದಿನಿಂದ ಬೇಸಿಗೆಯ ನಾಲ್ಕು ತಿಂಗಳು ಹೊರಗೆ ಕಾಲಿಡಬಾರದೆಂದು ಡಾಕ್ಟರ ಅಪ್ಪಣೆ. ಬಿಸಿಲಿಳಿದ ಮೇಲೆ ಹೋಗೋಣವೆಂದರೆ ಮುಸ್ಸಂಜೆಗೆ ಅವಳ ಕಣ್ಣು ಕಾಣುವುದಿಲ್ಲ. ಎರಡು ಓಣಿ ದಾಟಿದರೆ ತಂಗಿ ಭಾಗಮ್ಮನ ಮನೆ, ಆದರೂ ಐದು ಬೇಸಿಗೆ ಅಕ್ಕತಂಗಿ ಫೋನಿನಲ್ಲೇ ಮುಖ ನೋಡಿಕೊಂಡರು. ಮೋಡ ಬಂದ ಮೇಲೆ ಆಯಿ ದಿನಾ ಹನ್ನೆರಡಕ್ಕೆ ಹೊರಟು ಮೂರಕ್ಕೆ ಬರುತ್ತಿದ್ದಳು. ಇಪ್ಪತ್ತು ದಿನಕ್ಕೆ ಅವಳ ಬೆನ್ನು ನೆಟ್ಟಗಾಗಿತ್ತು, ಜಗಳ ತೆಗೆಯುವ ಉತ್ಸಾಹವೂ ಮರಳಿತ್ತು. ಅದನ್ನು ನೋಡಿ ನನಗಾಗುತ್ತಿದ್ದ ಸಂತೋಷವನ್ನು ಯಾವ ಹಸಿರು ಪರದೆಯೂ ಕೊಟ್ಟಿರಲಿಲ್ಲ.

ಮರುದಿನ ಕೇಂದ್ರದಲ್ಲಿ ಅಂಬಾರಾಯ ಸರ್ ಪತ್ರವೊಂದನ್ನು ನನ್ನ ಮುಂದೆ ಹಿಡಿದರು. ನನ್ನದೇ ದುಂಡಗಿನ ಅಕ್ಷರದ ದೂರು, ಅದಕ್ಕೆ ಮಂಡಳಿಯ ಉತ್ತರ. ತಪಾಸಣಾಧಿಕಾರಿ ಫಿಲೋಮಿನಾ ಮೇಡಂ ಶನಿವಾರ ಖುದ್ದಾಗಿ ಬರುತ್ತಾರೆ. ಓಣಿಯಲ್ಲಿ ಧಣಿಯಿಲ್ಲದ ಮೋಡ ಒಂದೇ ಒಂದು ಕಂಡರೂ ಪ್ರಯೋಗ ಬಂದ್, ಮುಂದಿನ ವರ್ಷ ನೋಡೋಣ ಎಂದಿತ್ತು. ಎಂಬತ್ತೊಂದರ ಹೆಂಗಸಿಗೆ 'ಮುಂದಿನ ವರ್ಷ' ಎಂದು ಹೇಳುವುದು ಹೇಗೆ?

"ಸರ್ವರ್ ಬರದಿಡೋ ಲಾಗ್ ನೋಡೀದಿ ಏನು?" ಎಂದರು ಸರ್. "ಒಬ್ಬರಿಗಿ ಒಂದೇ ಮೋಡ ಅಂತ ತೋರಸ್ತದ. ಹಳೀವೆಲ್ಲ ಮುಗದಾವ ಅಂತ ಬರದದ. ಹಂಗಾದ್ರ ನಿಮ್ಮ ಮಾಳಿಗಿ ಮ್ಯಾಲ ಕೂತಾವಲ್ಲ, ಅವ್ಯಾರವು?"

ನಾನು ಹುಸಿಜನರನ್ನು ಮತ್ತೆ ಎಬ್ಬಿಸಿದೆ. ಎರಡು ದಿನ ಎಲ್ಲ ಬಗೆಯಲ್ಲೂ ಕನೆಕ್ಷನ್ ಕಡಿಸಿದೆ. ಒಬ್ಬೊಬ್ಬರಾಗಿ, ಸಾವಿರ ಜನ ಒಟ್ಟಿಗೆ, ಕೋರಿಕೆಯ ಮೊದಲ ಅಕ್ಷರಕ್ಕೆ, ಕೊನೆಯ ಅಕ್ಷರಕ್ಕೆ. ಎಲ್ಲವೂ ಹಸಿರು. ಜಾಣ ವಿದ್ಯಾರ್ಥಿಯ ಹಾಗೆ ಸರ್ವರ್ ಕೇಳಿದ್ದಕ್ಕೆಲ್ಲ ಸರಿಯುತ್ತರ ಕೊಡುತ್ತಿತ್ತು.

ಲಾಗಿನಲ್ಲಿ ಒಂದು ಸಂಗತಿ ಮಾತ್ರ ವಿಚಿತ್ರವಾಗಿತ್ತು. ಓಣಿಯವರು ಇಷ್ಟು ದಿನಕ್ಕೆ ನಾಲ್ಕು ಸಾವಿರ ಚಿಲ್ಲರೆ ಸಲ ನೆರಳು ಕೇಳಿದ್ದರು. 'ಸಾಕು' ಒತ್ತಿದ್ದು ಹನ್ನೊಂದು ಸಲ. ಆ ಹನ್ನೊಂದೂ ನಾನೇ ಪರೀಕ್ಷೆಗೆಂದು ಒತ್ತಿದವು.

"ತಪ್ಪು ಜನರದ್ದೇ!" ಅಂಬಾರಾಯ ಸರ್ ಮೇಜು ಗುದ್ದಿದರು. "ಸಾಕು ಒತ್ತದವರಿಗಿ ಏಳು ದಿನ ನೆರಳು ಬಂದ್ ಅಂತ ನಿಯಮ ಮಾಡ್ತೀನಿ. ತಾನೇ ಕಲೀತಾರ."

"ಒಂದು ದಿನ ಕೊಡ್ರಿ ಸರ್," ಎಂದೆ. ಅವರು ಗುರುವಾರದವರೆಗೆ ಕೊಟ್ಟರು.

ಗುರುವಾರ ಆಯಿಯ ಜೊತೆ ನಾನೂ ಹೊರಟೆ. ಒಂದೇ ಮೋಡದ ಕೆಳಗೆ ಇಬ್ಬರೂ ನಡೆದೆವು. ನನ್ನ ಕೈಯಲ್ಲಿ ಲಾಗ್ ತೋರಿಸುವ ಫಲಕ. ಭಾಗಮ್ಮನ ಮನೆ ಬಂತು. ಆಯಿ ಮೋಡದ ಕಡೆ ಒಮ್ಮೆ ತಲೆಯೆತ್ತಿ ನೋಡಿ, ಗುಂಡಿಯ ಗೊಡವೆಗೇ ಹೋಗದೆ ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು.

"ಆಯಿ, ಸಾಕು ಅಂತ ಯಾಕ ಒತ್ತಲಿಲ್ಲ?"

ಆಯಿ ನನ್ನನ್ನು ದಿಟ್ಟಿಸಿದಳು. "ಅಲ್ಲಬೇ, ಇಂಥಾ ಬಿಸಲಾಗ ಮನೀತನಕ ಬಿಟ್ಟು ಹೋಗಾಕ ಬಂದವ್ರಿಗಿ 'ಸಾಕು, ಹೋಗು' ಅಂತಾರೇನ? ಬಾಯಿ ಹ್ಯಾಂಗ ಬರ್ತದ? ಒಳಗ ಕರದು ನೀರು ಕೊಡಬೇಕು. ಅದಂತೂ ಒಳಗ ಬರಲ್ಲ. ಅದಕ್ಕ ಸುಮ್ಮನ ಬಂದೀನಿ."

ಓಣಿಯ ಯಾರನ್ನು ಕೇಳಿದ್ದರೂ ಇದೇ ಉತ್ತರ ಬರುತ್ತಿತ್ತೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ನಾನೂ ಇಲ್ಲೇ ಹುಟ್ಟಿದವಳು, ಗುಂಡಿಗೆ ಹೆಸರಿಡುವಾಗ ಹೊಳೆಯಲಿಲ್ಲವಲ್ಲ! ಆದರೆ ಅಷ್ಟರಿಂದಲೇ ಮೋಡ ಉಳಿಯಬಾರದಿತ್ತು. ಫಲಕ ನೋಡಿದೆ. ಗೋಡೆಯಾಚೆ ಸಿಗ್ನಲ್ ಸತ್ತಿತು. ಒಂದು ನಿಮಿಷಕ್ಕೆ ಮೋಡ ನಿಯತ್ತಾಗಿ ಕರಗಿತು. ಒಳಗೆ ಬರುವಾಗ ತೊಂದರೆಯೇ ಇಲ್ಲ.

ತೊಂದರೆ ಎರಡೂವರೆಗೆ ಶುರುವಾಯಿತು, ಆಯಿ "ಬರ್ತೀನಿ ಭಾಗೂ" ಎಂದು ಏಳುವಾಗ.

ನಮ್ಮ ಕಡೆ ಏಳುವುದು ಬೇರೆ, ಹೋಗುವುದು ಬೇರೆ. ಆಯಿ ಅಂಗಳಕ್ಕಿಳಿದು ನೆರಳು ಕೇಳಿದಳು, ಮೋಡ ಬಂತು. "ಕುಂಕುಮ ಹಚ್ಚಿಕೊಂಡು ಹೋಗಲ್ಲೇನು?" ಎಂದಳು ಭಾಗಮ್ಮ. ಆಯಿ ಒಳಗೆ ಹೋದಳು. ಶಹಾಬಾದಿ ಕಲ್ಲಿನ ದಪ್ಪ ಗೋಡೆ, ಸಿಗ್ನಲ್ ಸತ್ತಿತು. ಹೊರಗೆ ಬಂದಳು, ಮತ್ತೆ ನೆರಳು ಕೇಳಿದಳು. ಸರ್ವರ್ ಇದನ್ನು ಹೊಸ ಕೋರಿಕೆಯೆಂದು ತಿಳಿದು ಇನ್ನೊಂದು ಮೋಡ ಕಳಿಸಿತು. ಹಳೆಯ ಮೋಡಕ್ಕೆ ಒಂದು ನಿಮಿಷ ಮುಗಿಯಿತು. ಕರಗುವ ಮೊದಲು ಅದು ಕೆಳಗೆ ನೋಡಿತು, ಕೆಳಗೆ ಯಾರಾದರೂ ನಿಂತಿದ್ದರೆ ಥಟ್ಟನೆ ಬಿಸಿಲು ಬೀಳಿಸಬಾರದೆಂಬುದು ನಮ್ಮದೇ ಸುರಕ್ಷಾ ನಿಯಮ. ಕೆಳಗೆ ಆಯಿಯೇ ನಿಂತು ಸೊಸೆಯಂದಿರ ಸುದ್ದಿ ಹೇಳುತ್ತಿದ್ದಳು. "ಆಮೇಲೆ" ಎಂದು ಸರ್ವರ್ ಗುರುತು ಹಾಕಿಕೊಂಡಿತು. ಲಾಗಿನಲ್ಲಿ ಮುಗಿಯಿತು ಎಂದು ಬರೆಯಿತು. ಮತ್ತೆ ಆ ಕಡೆ ತಿರುಗಿಯೂ ನೋಡಲಿಲ್ಲ. ಸರಕಾರಿ ಕಚೇರಿಯ ಕಡತಕ್ಕೂ ಇದಕ್ಕಿಂತ ಒಳ್ಳೆಯ ಗತಿ ಇರುತ್ತದೆ.

ಅಷ್ಟರಲ್ಲಿ ಉಪ್ಪಿನಕಾಯಿ ನೆನಪಾಯಿತು. ಆಯಿ ಒಳಗೆ, ಹೊರಗೆ. ಮೂರನೆಯ ಮೋಡ. ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಸಡಿಲವಿತ್ತು. ನಾಲ್ಕನೆಯದು. ಕೊನೆಗೆ "ಖರೇನ ಬರ್ತೀನಿ ನೋಡು" ಎಂದು ಹೊರಟಾಗ ಅವಳ ಜೊತೆಗೆ ಒಂದು ಮೋಡ ಬಂತು, ಮೂರು ಹೊಸ್ತಿಲ ಮೇಲೆ ಉಳಿದವು. ನಾನು ನೋಡುತ್ತಿದ್ದ ಹಾಗೆ ಅವು ಮೆಲ್ಲಗೆ ನಮ್ಮ ಮಾಳಿಗೆಯ ಕಡೆ ತೇಲಿದವು.

ನಡುಬೀದಿಯಲ್ಲಿ ನನಗೆ ನಗು ತಡೆಯಲಾಗಲಿಲ್ಲ. ನನ್ನ ಹತ್ತು ಸಾವಿರ ಹುಸಿಜನ ಹೋದರೆ ಹೋದರು. ಒಬ್ಬರಾದರೂ ಹೋಗುತ್ತೇನೆಂದು ಹೇಳಿ, ಹೋಗದೆ, ಬಾಗಿಲಲ್ಲೇ ನಿಂತವರಿರಲಿಲ್ಲ.

ಅಂಬಾರಾಯ ಸರ್ ಪೂರ್ತಿ ಕೇಳಿದರು. ಆಮೇಲೆ, "ನಮ್ಮ ಮನ್ಯಾಗೂ ಹಿಂಗೇ," ಎಂದು ನಿಟ್ಟುಸಿರು ಬಿಟ್ಟರು. ನಿಯಮದ ಮಾತು ಮತ್ತೆ ಎತ್ತಲಿಲ್ಲ. ಎರಡು ತಿದ್ದುಪಡಿ ಬರೆದರು. ನಿಮಿಷದೊಳಗೆ ಅದೇ ಕೈಪಟ್ಟಿ ಮರಳಿ ಬಂದರೆ ಹೊಸ ಮೋಡ ಬೇಡ, ಕಾಯುತ್ತಿರುವ ಹಳೆಯದನ್ನೇ ಕೊಡಬೇಕು. 'ಆಮೇಲೆ' ಎಂದದ್ದನ್ನು ಪ್ರತಿ ನಿಮಿಷವೂ ಮತ್ತೆ ನೋಡಬೇಕು. ಗುರುವಾರ ಸಂಜೆಗೆ ತಿದ್ದುಪಡಿ ತಯಾರಾಯಿತು. ಅದನ್ನು ಪರೀಕ್ಷಿಸಲು ನನಗೆ ಹುಸಿಜನ ಸಾಲರು, ನಿಜವಾದ ಜನ ಬೇಕು. ಗಾಣಿಗೇರ ಓಣಿಯಲ್ಲಿ ಬೀಳ್ಕೊಡುವುದರಲ್ಲಿ ಅವ್ವನನ್ನು ಮೀರಿಸಿದವರಿಲ್ಲ.

"ನಾನ್ಯಾಕ ಬರ್ಲಿ? ನಾ ದೂರು ಕೊಟ್ಟಾಕಿ," ಎಂದಳು ಅವ್ವ.

"ಅದಕ್ಕೇ ನೀನೇ ಬೇಕು. ನಿನಗ ಒಂದು ಮೋಡ ಹೆಚ್ಚಾದ್ರೂ ಕಾಣ್ತದ."

"ಶನಿವಾರ ಬಂದ್ ಆದ್ರ ನನ್ನ ಕುರಡಗಿಗಿ ಛಲೋ."

ಒಳಗೆ ಆಯಿ ಭಾಗಮ್ಮ ಕೊಟ್ಟ ಉಪ್ಪಿನಕಾಯಿಯನ್ನು ಭರಣಿಗೆ ತುಂಬುತ್ತ ಏನೋ ಗುನುಗುತ್ತಿದ್ದಳು. ಅವ್ವ ಆ ಕಡೆ ನೋಡಿದಳು. ಆರು ವರ್ಷದ ಹಿಂದೆ ಅತ್ತೆಯನ್ನು ಬೀದಿಯಿಂದ ಎತ್ತಿ ತಂದವಳು ಅವಳೇ.

"ಎಷ್ಟ್ ಮಂದಿ ಬೇಕು?" ಎಂದಳು.

ಶುಕ್ರವಾರ ಮಧ್ಯಾಹ್ನ ನಮ್ಮ ಮನೆಗೆ ಹದಿನಾಲ್ಕು ಹೆಂಗಸರು ಬಂದರು, ಚಹಾ ಕುಡಿದರು, ಎಲ್ಲರೂ ಒಟ್ಟಿಗೆ ಎದ್ದರು. ಆಮೇಲೆ ಒಂದು ತಾಸು ಯಾರೂ ಹೋಗಲಿಲ್ಲ. ಇಷ್ಟು ಕಠಿಣ ಪರೀಕ್ಷೆಯನ್ನು ಯಾವ ಸರ್ವರೂ ಎದುರಿಸಿರಲಾರದು. ಒಬ್ಬಳು ಚಪ್ಪಲಿ ಮೆಟ್ಟಿ ಮತ್ತೆ ಬಿಟ್ಟಳು, ಒಬ್ಬಳು ಬಾಗಿಲ ಚೌಕಟ್ಟಿಗೆ ಒರಗಿ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ಮಗಳ ಬಾಣಂತನ ಪೂರ್ತಿ ಹೇಳಿದಳು. ನನ್ನ ಫಲಕದಲ್ಲಿ ಸಿಗ್ನಲ್ ಸಾಯುವುದು, ಹುಟ್ಟುವುದು, ಸಾಯುವುದು. ಅಂಗಳದ ಮೇಲೆ ಅವರವು ಹದಿನಾಲ್ಕು ಮೋಡ, ಬೀಳ್ಕೊಡಲು ಹೊರಗೆ ನಿಂತ ಅವ್ವನದೊಂದು, ಒಟ್ಟು ಹದಿನೈದೇ. ಕೊನೆಯವಳು ಹೋದ ಮೇಲೆ ಒಂದು ಮಾತ್ರ ಹಿಂದೆ ಉಳಿಯಿತು, ಅವ್ವನದು. ಅವ್ವ ಒಳಗೆ ಬಂದಿದ್ದಳು, ಅಂಗಳದಲ್ಲಿ ಯಾರೂ ಇರಲಿಲ್ಲ. ನಾವು ಕಿಟಕಿಯಲ್ಲಿ ನಿಂತು ಎಣಿಸಿದೆವು. ನಲವತ್ತು ಸೆಕೆಂಡು, ಐವತ್ತು. ಮೋಡ ಅಂಚಿನಿಂದ ತೆಳುವಾಗುತ್ತ ಬಂದು ಇಲ್ಲವಾಯಿತು. ಅಂಗಳದ ಕಲ್ಲಿನ ಮೇಲೆ ಬಿಸಿಲು ಬಿತ್ತು.

ಅವ್ವ ಮಾಳಿಗೆ ಹತ್ತಿ, ಕುರಡಗಿಯನ್ನು ತಿರುವಿ ಹಾಕಿದಳು.

ಶನಿವಾರ ಫಿಲೋಮಿನಾ ಮೇಡಂ ಬಂದರು. ಮಂಗಳೂರಿನವರು, ಕೈಯಲ್ಲಿ ಎರಡು ಕರವಸ್ತ್ರ, ಎರಡೂ ಒದ್ದೆ. "ಎಂತ ಬಿಸಿಲು ಮಾರಾಯ್ರೆ! ನೀವೆಲ್ಲ ಇಲ್ಲಿ ಬದುಕುವುದು ಹೇಗೆ?" ಎನ್ನುತ್ತ ಓಣಿಯ ಎಲ್ಲ ಮಾಳಿಗೆಗಳನ್ನೂ ಹತ್ತಿ ಇಳಿದರು. ಒಂದು ಅನಾಥ ಮೋಡವೂ ಸಿಗಲಿಲ್ಲ. ದೂರುದಾರಳ ಮನೆಯಲ್ಲಿ ಮಜ್ಜಿಗೆ ಕುಡಿದು, "ಸರಿ, ನಾನು ಬರ್ತೇನೆ" ಎಂದು ಎದ್ದರು.

ಪಾಪ, ಅವರಿಗೆ ಅವ್ವನ ಪರಿಚಯವಿರಲಿಲ್ಲ. ಮೊದಲು ಕುಂಕುಮಕ್ಕೆ, ಆಮೇಲೆ ರವಿಕೆಯ ಕಣಕ್ಕೆ, ಆಮೇಲೆ ಒಂದು ಹಿಡಿ ಶಾವಿಗೆಯ ಪೊಟ್ಟಣಕ್ಕೆ ಅವ್ವ ಅವರನ್ನು ವಾಪಸು ಕರೆದಳು. ನಾಲ್ಕನೆಯ ಸಲ ಮೇಡಂ ತಾವಾಗಿಯೇ ಮರಳಿ ಬಂದು ಶಾವಿಗೆ ಪಾಯಸಕ್ಕೆ ಬೆಲ್ಲವೋ ಸಕ್ಕರೆಯೋ ಎಂದು ಕೇಳಿದರು. ಅಂಬಾರಾಯ ಸರ್ ಗೋಡೆಗೆ ಒರಗಿ ಬೆವರೊರೆಸಿಕೊಳ್ಳುತ್ತಿದ್ದರು. ಅಂಗಳದಲ್ಲಿ ಒಂದೇ ಮೋಡ, ಹೋದ ಸಲ ಬಂದದ್ದೇ, ತಾಳ್ಮೆಯಿಂದ ಕಾದಿತ್ತು. ಮೇಡಂ ಅದನ್ನು ನೋಡಿದರು, ತಾವು ನಿಂತ ಹೊಸ್ತಿಲನ್ನು ನೋಡಿದರು, ಜೋರಾಗಿ ನಕ್ಕರು. "ಇದಕ್ಕಿಂತ ದೊಡ್ಡ ಪರೀಕ್ಷೆ ಬೇಡ. ಇನ್ನು ಊರಿಡೀ ಕೊಡಿ," ಎಂದು ಅಲ್ಲೇ ಸಹಿ ಹಾಕಿದರು.

ನಾನು ಕುಣಿಯುತ್ತ ಒಳಗೆ ಓಡಿದೆ. "ಆಯೀ, ಪಾಸಾತು!"

ಆಯಿ ಇರಲಿಲ್ಲ. ಅಡುಗೆಮನೆಯಲ್ಲಿಲ್ಲ, ಹಿತ್ತಲಲ್ಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ಭಾಗಮ್ಮನಿಗೆ ಫೋನ್ ಮಾಡಿದರೆ ಅಲ್ಲಿಗೂ ಹೋಗಿರಲಿಲ್ಲ. ಫಲಕ ತೆಗೆದು ಆಯಿಯ ಕೈಪಟ್ಟಿಯನ್ನು ಹುಡುಕಿದೆ. ಪ್ರಯೋಗದ ಎಲ್ಲೆಯ ಕೊನೆಯ ಕಂಬದ ಕೆಳಗೆ, ಮುಖ್ಯ ಬೀದಿಯ ಅಂಚಿನಲ್ಲಿ, ಚುಕ್ಕೆಯೊಂದು ನಿಂತಿತ್ತು. ಅದರಾಚೆ ನಮ್ಮ ಕಂಬಗಳಿಲ್ಲ.

ಓಡಿದೆ. ಗಂಟೆ ಎರಡೂಕಾಲು, ನಲವತ್ತೊಂಬತ್ತು ಡಿಗ್ರಿ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ, ಬಿಳಿ ಮೋಡದ ಕೆಳಗೆ ಆಯಿ ಕಾಲು ಚಾಚಿ ಕೂತಿದ್ದಳು. ಅವಳಿಗೇನೂ ಆಗಿರಲಿಲ್ಲ. ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡುತ್ತಿದ್ದಳು: ಬೆಳ್ಳಗೆ ಕಾದ ರಸ್ತೆಯನ್ನು, ಕದ ಹಾಕಿದ ಬಾಗಿಲುಗಳನ್ನು, ಬೇವಿನ ಮರದ ಬುಡದ ಗೇಣುದ್ದದ ನೆರಳನ್ನು.

"ಹೇಳದೆ ಬರ್ತಾರೇನು ಆಯಿ? ಜೀವ ಹೋಗಿತ್ತು ನಮಗ."

"ಹೇಳಿದ್ರ ನೀವು ಬಿಡ್ತಿದ್ರೇನು?" ಎಂದಳು ಆಯಿ. ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದಳು. "ಆರು ಬ್ಯಾಸಗಿ ಆಗಿತ್ತು ಜಗೂ, ಮಧ್ಯಾಹ್ನ ಅನ್ನೋದನ್ನ ನೋಡಿ. ಭಾಗೂನ ಮನೀಗಿ ಹೋಗೋದು ಬರೋದು, ಎರಡು ಓಣಿ, ಅದೇನ್ ನೋಡಿದ್ದಂತ? ಇವತ್ತು ಪೂರಾ ನೋಡಾಕ ಬಂದೀನಿ."

ನನಗೆ ಅಳು ಬಂತು, ಅಡಗಿಸಲಿಲ್ಲ. ಆಯಿ ತನ್ನ ಸೆರಗಿನಿಂದ ನನ್ನ ಕಣ್ಣೊರೆಸಿ, ಕಂಬದಾಚೆಗಿನ ರಸ್ತೆಯ ಕಡೆ ಬೊಟ್ಟು ಮಾಡಿದಳು.

"ಆ ಕಡೆ ಎಂದ ಬರ್ತದ ನಿಮ್ಮ ಮೋಡ?"

"ಈಗ ಸಹಿ ಆಗ್ಯದ ಆಯಿ. ಸೋಮವಾರ ಕಂಬ ನಡ್ತಾರ."

"ಕೆರೀತನಕ?"

"ಕೆರೀತನಕ."

"ಹಂಗಾದ್ರ ಸೋಮವಾರ ನಡು ಮಧ್ಯಾಹ್ನ ಕೆರಿಗಿ ಹೋಗೋಣು," ಎಂದಳು ಆಯಿ. "ಬ್ಯಾಸಗ್ಯಾಗ ನೀರು ಹ್ಯಾಂಗ ಹೊಳೀತದಂತ ನೋಡಬೇಕಾಗ್ಯದ ನನಗ."